ಎಷ್ಟು ಸಲ ಬಂದ್ರಿ?

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಒಮ್ಮೆ ನಮ್ಮ ನಾಡಕಚೇರಿಯ ಬಾಗಿಲ ಮೇಲೆ ಅಧಿಕಾರಿಯ ಹೆಸರಿನ ಬೋರ್ಡು ಬರೆಯಲು ಪೇಂಟರ್ ಬಂದಿದ್ದ. "ನನ್ ಹೆಸ್ರು ಓದ್ಕಂಡು ಯಾರ್ಗೇನಾಗ್ಬೇಕಪ್ಪ? ಯಾವ ಕೆಲ್ಸಕ್ಕೆ ಯಾವ ಕಾಗ್ದ ತರ್ಬೇಕು ಅಂತ ಅಷ್ಟೇ ಜಾಗ್ದಲ್ಲಿ ದಪ್ಪಗೆ ಬರಿ" ಎಂದು ಅವನ ಕೈಗೊಂದು ಪಟ್ಟಿ ಕೊಟ್ಟು ಒಳಗೆ ಹೋದರು. ಆಮೇಲೆ ಅವರನ್ನು ಹುಡುಕಿಕೊಂಡು ಬಂದ ದೊಡ್ಡ ಸಾಹೇಬರೊಬ್ಬರು ಜಾತಿ ಪ್ರಮಾಣಪತ್ರಕ್ಕೆ ಬೇಕಾದ ದಾಖಲೆಗಳ ಪಟ್ಟಿಯನ್ನು ಓದುತ್ತ ಬಾಗಿಲಲ್ಲೇ ನಿಂತುಬಿಟ್ಟಿದ್ದರು.

ನಾವು ಅವರನ್ನು ಮೇಡಮ್ ಎನ್ನುತ್ತಿದ್ದೆವು. ಹಳ್ಳಿಯವರು ಅಮ್ಮಾವ್ರು ಎನ್ನುತ್ತಿದ್ದರು. ಚಾಮರಾಜನಗರದ ಕಡೆಯ ಒಂದು ನಾಡಕಚೇರಿಗೆ ಅವರು ಉಪ ತಹಶೀಲ್ದಾರರಾಗಿ ಬಂದಾಗ ನಾನು ಅಲ್ಲಿ ಗುತ್ತಿಗೆಯ ಮೇಲಿದ್ದ ಕಂಪ್ಯೂಟರ್ ಆಪರೇಟರ್. ಯಾವ ನಾಡಕಚೇರಿ ಎಂದು ಕೇಳಬೇಡಿ. ನಾನು ಮಾಡಿದ ಘನಕಾರ್ಯವನ್ನು ಮುಂದೆ ಹೇಳುವವನಿದ್ದೇನೆ, ಅದರ ಮಸಿ ಈಗ ಅಲ್ಲಿ ಕೂತಿರುವವರಿಗೆ ಮೆತ್ತಿಕೊಳ್ಳುವುದು ಬೇಡ. ಮೇಡಮ್ ಕಳೆದ ತಿಂಗಳು ಗುಂಡ್ಲುಪೇಟೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಅಂದಿನಿಂದ ಬರೆಯಬೇಕು ಅನಿಸುತ್ತಿತ್ತು. ಮೊನ್ನೆ ಅವರ ಯಜಮಾನರು ನನ್ನ ಕೌಂಟರಿಗೇ ಬಂದ ಮೇಲೆ ಬರೆಯದೆ ಇರಲಾಗಲಿಲ್ಲ.

ನೋಡಲು ಅಂಥ ವಿಶೇಷವೇನಿರಲಿಲ್ಲ. ಕುಳ್ಳಗೆ, ದುಂಡಗೆ, ಹಣೆಗೆ ವಿಭೂತಿ, ನೂಲಿನ ಸೀರೆ. ತವರು ಚಂದಕವಾಡಿಯ ಕಡೆ. ಸಮಾಧಾನದಲ್ಲಿದ್ದಾಗ ಆಫೀಸಿನ ಕನ್ನಡ ಆಡುತ್ತಿದ್ದರು, ಸಿಟ್ಟು ಬಂದರೆ ಮಾತು ಸೀದಾ ತವರಿಗೆ ಹೋಗುತ್ತಿತ್ತು. ತುರುಬಿನಲ್ಲಿ ಯಾವಾಗಲೂ ಒಂದು ಮೋಟು ಪೆನ್ಸಿಲ್. ದಿನಾ ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸಿಗೆ ಬರುವರು, ತೆರಕಣಾಂಬಿ ದಾಟುವ ಹೊತ್ತಿಗೆ ಬಾಯಿ ತೆರೆದು ನಿದ್ದೆ ಮಾಡುವರು. ಬಂದ ಲಕೋಟೆಗಳನ್ನು ಬಿಚ್ಚಿ, ಮಗುಚಿ ಅಂಟಿಸಿ, ಮತ್ತೆ ಕಳಿಸುವಷ್ಟು ಜುಗ್ಗತನ. ಟೈಪಿಸ್ಟ್ ಆಗಿ ಕೆಲಸಕ್ಕೆ ಸೇರಿದವರಂತೆ. ಆದರೆ ಕಂಪ್ಯೂಟರಿನ ಮುಂದೆ ಕೂತರೆ ಒಂದೇ ಬೆರಳು, ಅದೂ ಗುರಿ ನೋಡಿ ಹೊಡೆಯುವ ಹಾಗೆ. ಇವರಿಂದ ನಮ್ಮ ಆಫೀಸು ಆಧುನಿಕವಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮೊದಲ ಭೇಟಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಒಂದು ಬೆಳಿಗ್ಗೆ ಒಬ್ಬ ಹೆಂಗಸು ಟೋಕನ್ ಹಿಡಿದು ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದು ಕೌಂಟರಿಗೆ ಬಂದರು. ನಾನು ತಲೆ ಎತ್ತಲಿಲ್ಲ. ಟೀ ಬಂದಿತ್ತು. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂದೆ. ಸರ್ವರ್ ಗುಂಡುಕಲ್ಲಿನ ಹಾಗಿತ್ತು. ಅವರು ಆಯ್ತು ಎಂದು ಹೋದರು. ಮಾರನೇ ದಿನ ಮತ್ತೆ ಬಂದರು. ಅವತ್ತು ನಿಜವಾಗಿಯೂ ಸರ್ವರ್ ಇರಲಿಲ್ಲ, ಮತ್ತೆ ನಾಳೆ ಬನ್ನಿ ಎಂದೆ. ಮೂರನೇ ದಿನ ಅದೇ ಹೆಂಗಸು ಬೆಂಚಿನ ಹತ್ತಿರ ನಿಲ್ಲದೆ ಸೀದಾ ಸಾಹೇಬರ ಕೊಠಡಿಗೆ ನುಗ್ಗಿದರು. "ಏಯ್ ಏಯ್, ಎಲ್ಲಮ್ಮಾ ಹೋಗ್ತೀರಾ?" ಎಂದು ಓಡಿದೆ. ಅವರು ಆಗಲೇ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು.

"ಸರ್ವರ್ ಬಂತೇನಪ್ಪ?" ಎಂದರು.

ವರ್ಗವಾದವರಿಗೆ ಹೊಸ ಜಾಗದಲ್ಲಿ ಸೇರಿಕೊಳ್ಳಲು ಕೆಲವು ದಿನ ಕೊಡುತ್ತಾರಲ್ಲ, ಆ ದಿನಗಳನ್ನು ಎಲ್ಲರೂ ಮನೆ ಸಾಮಾನು ಸಾಗಿಸಲು ಬಳಸಿದರೆ ಇವರು ನಮ್ಮ ಬೆಂಚಿನ ಮೇಲೆ ಕೂರಲು ಬಳಸಿದ್ದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಹೋಗಲಿಲ್ಲ. ಬದಲಿಗೆ ನನಗೊಂದು ಅಪ್ಪಣೆಯಾಯಿತು. ರಜೆ ಹಾಕಿ, ಬೇರೆ ತಾಲ್ಲೂಕಿಗೆ ಹೋಗಿ, ಸರ್ಕಾರಿ ಆಫೀಸಿನವನೆಂದು ಎಲ್ಲೂ ಬಾಯಿ ಬಿಡದೆ, ಒಂದು ವಾಸಸ್ಥಳ ದೃಢೀಕರಣಕ್ಕೆ ಏನೇನು ಬೇಕೆಂದು ವಿಚಾರಿಸಿಕೊಂಡು ಬರಬೇಕು. ಹೋದೆ. ಬಂದೆ. ಏನಾಯಿತೆಂದು ಅವರು ಕೇಳಲಿಲ್ಲ, ನನ್ನ ಮುಖ ನೋಡಿದರು, ಅಷ್ಟೇ. "ಊಟ ಮಾಡ್ದಾ?" ಎಂದರು. ಆಮೇಲೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ವರ್ಷಕ್ಕೊಮ್ಮೆ ಈ ವ್ರತ ಕಡ್ಡಾಯವಾಯಿತು.

ಆ ಪೆನ್ಸಿಲ್ಲಿನ ವಿಷಯ ಹೇಳಬೇಕು. ಮೇಡಮ್ ಬಂದ ವಾರದಿಂದಲೇ ಕೌಂಟರಿಗೆ ಬಂದ ಪ್ರತಿಯೊಬ್ಬರನ್ನೂ ನಾವು ಒಂದು ಪ್ರಶ್ನೆ ಕೇಳಬೇಕಿತ್ತು: "ಈ ಕೆಲಸಕ್ಕೆ ಎಷ್ಟು ಸಲ ಬಂದ್ರಿ?" ಹೇಳಿದ ಸಂಖ್ಯೆಯನ್ನು ಅರ್ಜಿಯ ಬಲಗಡೆ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಮೊದಮೊದಲು ಜನ ಹೆದರಿದರು. ಒಬ್ಬ ಮುದುಕ ಕೈ ಮುಗಿದು, "ತಪ್ಪಾಯ್ತು ಬುದ್ಧಿ, ನಾಕು ಸಲ ಬಂದ್ಬುಟ್ಟೆ, ಇನ್ ಬರಾಕಿಲ್ಲ" ಎಂದ. ಅವನು ಬಂದದ್ದೇ ತಪ್ಪೆಂದು ನಾವು ಬೈಯುತ್ತಿದ್ದೇವೆಂದು ತಿಳಿದಿದ್ದ. ಒಳಗಿನಿಂದ ಅದನ್ನು ಕೇಳಿಸಿಕೊಂಡ ಮೇಡಮ್ ಎದ್ದು ಬಂದು ಅವನ ಪಕ್ಕ ಬೆಂಚಿನ ಮೇಲೆ ಕೂತರು. "ತಪ್ ನಿಮ್ದಲ್ಲ ಕಣಪ್ಪೋ. ನಾಕು ಸಲ ಬರುಸ್ಕಂಡೋರ್ದು" ಎಂದರು.

ದಿನಾಂಕದ ಸಾಲು ಬಿಟ್ಟು ಆ ಮೂಲೆಯ ಅಂಕಿಯ ಸಾಲು ಶುರುವಾಯಿತು. ದೊಡ್ಡ ಅಂಕಿ ಇದ್ದವರ ಅರ್ಜಿ ಮೇಲೆ. ಶನಿವಾರ ಸಂಜೆ ಮೇಡಮ್ ಅರ್ಜಿಗಳನ್ನು ಮೇಜಿನ ಮೇಲೆ ಹರಡಿಕೊಂಡು, "ಈ ಆರು ಯಾಕಾಯ್ತು? ಈ ಐದು ಯಾಕಾಯ್ತು?" ಎಂದು ಒಂದೊಂದನ್ನೂ ಹಿಡಿದು ಕೇಳುವರು. ಯಾರು ಮಾಡಿದರೆಂದು ಕೇಳುತ್ತಿರಲಿಲ್ಲ. ಯಾಕಾಯಿತೆಂದು ಮಾತ್ರ. ಕೇಳುತ್ತ ಕೇಳುತ್ತ ಗೊತ್ತಾಯಿತು, ಅರ್ಧಕ್ಕರ್ಧ ಜನ ತಿರುಗುತ್ತಿದ್ದದ್ದು ನಮ್ಮದೇ ಬೀರುವಿನಲ್ಲಿದ್ದ ಕಾಗದಗಳನ್ನು ಅವರಿಂದ ಮತ್ತೆ ತರಿಸುವುದಕ್ಕಾಗಿ. ಪಹಣಿ ನಮ್ಮ ಕಂಪ್ಯೂಟರಿನಲ್ಲೇ ಇದೆ, ಆದರೂ ಪಹಣಿ ತನ್ನಿ. ರೇಷನ್ ಕಾರ್ಡು ಸರ್ಕಾರವೇ ಕೊಟ್ಟದ್ದು, ಆದರೂ ಜೆರಾಕ್ಸ್ ತನ್ನಿ. ಮೇಡಮ್ ಒಂದೊಂದನ್ನೇ ಪೆನ್ಸಿಲ್ಲಿನಿಂದ ಹೊಡೆಯುತ್ತ ಹೋದರು. ಎದುರಿನ ಜೆರಾಕ್ಸ್ ಅಂಗಡಿಯವನು ನಮ್ಮ ಮೇಲೆ ಮುನಿಸಿಕೊಂಡು ಮಾತು ಬಿಟ್ಟ.

ಅವರ ಎಲ್ಲ ಯೋಚನೆಗಳೂ ಗೆದ್ದವು ಎಂದುಕೊಳ್ಳಬೇಡಿ. ಬಸ್ಸಿನ ವೇಳೆ ನೋಡಿಕೊಂಡು ಊರೂರಿಗೆ ಟೋಕನ್ ಹಂಚುವ ಅವರ ಏರ್ಪಾಟು ಎರಡೇ ದಿನಕ್ಕೆ ಜಗಳವಾಗಿ ಮುಗಿಯಿತು. ಕಂಪ್ಯೂಟರಿನ ಪರದೆಯದೂ ಹಾಗೇ ಆಗುವುದರಲ್ಲಿತ್ತು. ಚಾಮರಾಜನಗರದ ಸಭೆಯಲ್ಲಿ ನಿಮ್ಮ ನಿಮ್ಮ ಕಚೇರಿಗೆ ಏನು ಬೇಕೆಂದು ಕೇಳಿದಾಗ ಎಲ್ಲರೂ ಹೊಸ ಕಂಪ್ಯೂಟರು, ಪ್ರಿಂಟರು, ಯುಪಿಎಸ್ಸು ಕೇಳಿದರಂತೆ. ಇವರು ಕೇಳಿದ್ದು ಒಂದು ಉದ್ದ ವೈರು. ಮೂಲೆಯಲ್ಲಿದ್ದ ಹಳೇ ಮಾನಿಟರನ್ನು ಆ ವೈರಿಗೆ ಸಿಕ್ಕಿಸಿ, ಕೌಂಟರಿನ ಆಚೆಗೆ ಜನರ ಕಡೆ ಮುಖ ಮಾಡಿ ಇಡಿಸಿದರು.

"ನಾವ್ ಒತ್ತೋದು ಅವ್ರ್ಗೂ ಕಾಣ್ಲಿ" ಎಂದರು. "ಅವ್ರ ಬಗ್ಗೆ ಬರೀತಿದ್ದೀವಿ, ಅವ್ರ್ಗೇ ಬೆನ್ ತೋರುಸ್ಕಂಡು ಬರುದ್ರೆ ಹೆಂಗೆ?"

ಮೊದಲ ದಿನವೇ ಇಡೀ ಸಾಲು ಆ ಪರದೆಯ ಮುಂದೆ ಮುಗಿಬಿದ್ದಿತು. ಒಬ್ಬನ ಆದಾಯವನ್ನು ಹತ್ತು ಜನ ಗಟ್ಟಿಯಾಗಿ ಓದಿದರು. "ಇವ್ನ್ಗೆ ಇಷ್ಟೇನಾ? ಟ್ರ್ಯಾಕ್ಟರ್ ಮಡಿಕಂಡವ್ನೆ ಕಣ್ಲಾ!" ಎಂದು ಕೂಗಾಡಿದರು. ಕೊನೆಗೆ ಮೇಡಮ್ಮೇ ಟೊಮ್ಯಾಟೊ ಬಾಕ್ಸಿನ ರಟ್ಟು ಕತ್ತರಿಸಿ ಪರದೆಯ ಎರಡೂ ಪಕ್ಕ ಅಂಟಿಸಿದರು. ಕೂತವರಿಗೆ ಮಾತ್ರ ಕಾಣುವಂತಾಯಿತು. ನನಗೆ ಮನಸ್ಸಿನಲ್ಲೇ ಕಿರಿಕಿರಿ. ನಾನು ಒತ್ತುವ ಒಂದೊಂದು ಅಕ್ಷರವನ್ನೂ ಎದುರಿಗಿರುವವರು ನೋಡುವುದೆಂದರೆ ಏನು ಸುಖ ಹೇಳಿ? ನನಗೆ ಯಾಕೆ ಅಷ್ಟು ಕಿರಿಕಿರಿ ಎನ್ನುವುದು ಸದ್ಯದಲ್ಲೇ ಹೊರಬಿತ್ತು.

ಒಂದು ದಿನ ಪುಣಜನೂರಿನ ಆಚೆ ಕಾಡಂಚಿನ ಪೋಡಿನಿಂದ, ಎಂದರೆ ಸೋಲಿಗರ ಹಾಡಿಯಿಂದ, ತಾಯಿ ಮಗಳು ಬಂದರು. ಹುಡುಗಿಗೆ ಮೈಸೂರಿನ ಕಾಲೇಜೊಂದರಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅವರ ಪೋಡಿನಿಂದ ಪಿಯುಸಿ ದಾಟಿದ ಮೊದಲನೆಯವಳು. ಕೈಯಲ್ಲಿ ಒಂದು ನೋಟಿಸು. ಅವಳ ಜಾತಿ ಪ್ರಮಾಣಪತ್ರವನ್ನು ಪರಿಶೀಲನೆಗೆ ಕಳಿಸಿದಾಗ, ಆ ಊರಿನಲ್ಲಿ ಅಂಥವರು ಯಾರೂ ವಾಸವಿಲ್ಲ ಎಂದು ವರದಿ ಬಂದಿದೆ, ಪತ್ರ ಸಾಚಾ ಎಂದು ತೋರಿಸದಿದ್ದರೆ ಸೀಟು ರದ್ದು ಎಂದು ಬರೆದಿತ್ತು. ಉಳಿದದ್ದು ಎಂಟು ದಿನ.

"ಎಷ್ಟು ಸಲ ಬಂದ್ರಿ?" ಎಂದೆ, ಅಭ್ಯಾಸದಂತೆ.

"ಮೂರ್ನೇದು" ಎಂದಳು ತಾಯಿ. "ಒಂದ್ಸಲ ರಜ, ಒಂದ್ಸಲ ಕರೆಂಟಿಲ್ಲ. ನಾವ್ ಹುಟ್ದಾಗಿಂದ್ಲೂ ಅಲ್ಲೇ ಇವೀವಿ ಸಾಮಿ. ವಾಸ ಇಲ್ಲ ಅಂದ್ರೆ ಯಾನ?"

ನಾನು ಪತ್ರದ ಸಂಖ್ಯೆ ಒತ್ತಿದೆ. ರಟ್ಟಿನ ಮರೆಯ ಆಚೆ ಹುಡುಗಿ ಪರದೆಯನ್ನು ಓದುತ್ತಿದ್ದಳು. ತನ್ನ ಹೆಸರು ಓದಿದಳು, ಅಪ್ಪನ ಹೆಸರು ಓದಿದಳು. ಆಮೇಲೆ ನಿಧಾನವಾಗಿ ಕೇಳಿದಳು: "ಸಾರ್, ಅಡವಿಕಟ್ಟೆ ಅಂತ ಐತಲ್ಲ ಊರು, ಅದೆಲ್ಲೈತೆ? ಅದು ನಮ್ಮೂರಲ್ಲ."

ನಾನು ಕೀಬೋರ್ಡಿನಿಂದ ಕೈ ತೆಗೆದೆ.

ಏನಾಗಿತ್ತೆಂದರೆ, ನಮ್ಮ ಸಾಫ್ಟ್‌ವೇರಿನಲ್ಲಿ ಊರಿನ ಹೆಸರನ್ನು ನಾವು ಬರೆಯುವಂತಿರಲಿಲ್ಲ. ಒಂದು ಪಟ್ಟಿ ತೆರೆದುಕೊಳ್ಳುತ್ತಿತ್ತು, ಅದರಲ್ಲಿ ಒಂದನ್ನು ಒತ್ತಬೇಕು. ಪಟ್ಟಿಯಲ್ಲಿದ್ದದ್ದು ಕಂದಾಯ ಗ್ರಾಮಗಳು ಮಾತ್ರ. ಕಾಡಿನ ಪೋಡುಗಳಿಗೆ ಕಂದಾಯದ ಲೆಕ್ಕದಲ್ಲಿ ಹೆಸರಿಲ್ಲ. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. ನನಗಿಂತ ಮುಂಚೆ ಇದ್ದ ಆಪರೇಟರ್ ಕೆಲಸ ಕಲಿಸುವಾಗಲೇ ಹೇಳಿಕೊಟ್ಟಿದ್ದ, "ಊರು ಸಿಗ್ನಿಲ್ವಾ, ಮೊದಲ್ನೇದು ಒತ್ಬುಡು ಕಣ್ಲಾ. ಕೆಲ್ಸ ಆಯ್ತದೆ." ಪಟ್ಟಿಯ ಮೊದಲನೇ ಹೆಸರು ಅಡವಿಕಟ್ಟೆ. ವರ್ಷಗಟ್ಟಲೆ ನಾನು ಅದನ್ನೇ ಒತ್ತಿದ್ದೆ. ಕೆಲಸ ಆಗುತ್ತಿತ್ತು. ಪತ್ರ ಅಚ್ಚಾಗುತ್ತಿತ್ತು. ಜನ ಓದದೆ ಮಡಚಿಕೊಂಡು ಹೋಗುತ್ತಿದ್ದರು.

ಮೇಡಮ್ ಕೊಠಡಿಯಿಂದ ಬಂದು ನನ್ನ ಹಿಂದೆ ನಿಂತಿದ್ದರು. ಎಲ್ಲವನ್ನೂ ಹೇಳಿದೆ. ಇನ್ನೇನು ಮಾಡಲಿ?

"ಹಂಗೆ ಎಷ್ಟ್ ಜನುಕ್ಕೆ ಒತ್ತಿದ್ದೀಯ?" ಎಂದರು. ಅಡವಿಕಟ್ಟೆಯ ಹೆಸರಿನಲ್ಲಿ ಕೊಟ್ಟ ಪತ್ರಗಳನ್ನೆಲ್ಲ ತೆಗೆದೆ. ಮುನ್ನೂರಕ್ಕೂ ಮೇಲೆ ಹೆಸರುಗಳು.

ಮೇಡಮ್ ಹುಡುಗಿಯ ತಲೆ ಮೇಲೆ ಕೈಯಿಟ್ಟು, "ನೀವಿನ್ನು ಬರ್ಬೇಡಿ ಕಣಮ್ಮಿ. ಮೂರು ಸಲ ಸಾಕು. ನಾವೇ ಬತ್ತೀವಿ" ಎಂದು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಡಿ, ನೀನ್ ಕಟ್ಟಿರೋ ಊರು ನೋಡನ" ಎಂದರು.

ಅಡವಿಕಟ್ಟೆಗೆ ನನ್ನ ಬೈಕಿನಲ್ಲೇ ಹೋದೆವು. ಮೇಡಮ್ ಹಿಂದೆ ಕೂತಿದ್ದರು, ಊಟದ ಡಬ್ಬಿ ತೊಡೆಯ ಮೇಲಿತ್ತು. ಅದೊಂದು ಬೇಚರಾಕ್ ಗ್ರಾಮ. ನಕ್ಷೆಯಲ್ಲಿ ಊರು, ನೆಲದ ಮೇಲೆ ಮನೆಯಿಲ್ಲ. ಒಣಗಿದ ಕಟ್ಟೆ, ನಾಲ್ಕು ಹುಣಸೆ ಮರ, ಲಂಟಾನ ಪೊದೆ, ಯಾರದೋ ಮೇಕೆಗಳು. ಮೇಡಮ್ ಹುಣಸೆ ಮರದ ಕೆಳಗೆ ಕೂತು ಡಬ್ಬಿ ಬಿಚ್ಚಿ ನನಗೂ ರೊಟ್ಟಿ ಕೊಟ್ಟರು. ತಿನ್ನುತ್ತ ಸುತ್ತಲೂ ನೋಡಿದರು.

"ಯಾರೂ ಇಲ್ವಲ್ಲೋ. ಮುನ್ನೂರು ಜನ ಎಲ್ಗ್ ಹೋದ್ರು?"

ಬೈದಿದ್ದರೆ ಚೆನ್ನಾಗಿತ್ತು. ಅಳು ಬಂತು, ಅತ್ತೆ. ಅವರು ನೀರಿನ ಬಾಟಲು ಮುಂದಕ್ಕೆ ತಳ್ಳಿದರು. "ಗೊತ್ತಿಲ್ಲ ಅನ್ನೋದು ತಪ್ಪಲ್ಲಪ್ಪ" ಎಂದರು. "ನಿಮ್ಮೂರು ಈ ಪಟ್ಟೀಲಿ ಸಿಗ್ತಿಲ್ಲ, ನಂಗೊತ್ತಿಲ್ಲ ಅಂದಿದ್ರೆ ಅವ್ರು ಜಗಳಾನಾದ್ರೂ ಆಡೋರು. ನೀನು ಗೊತ್ತಿರೋನ್ ಥರ ಒತ್ತಿದೆ ನೋಡು, ಅದು ತಪ್ಪು. ಒತ್ತು ಅಂದ ಪಟ್ಟೀದು ಇನ್ನೂ ತಪ್ಪು."

ವಾಪಸು ಬಂದು ಅವತ್ತೇ ಪತ್ರ ಬರೆದರು, ಕೈಯಲ್ಲೇ. ನಾನು ಮೆಲ್ಲಗೆ, "ಸಾಫ್ಟ್‌ವೇರ್ ತೊಂದರೆ ಅಂತ ಹಾಕಿಬಿಡೋಣ ಮೇಡಮ್" ಎಂದೆ. ನನ್ನದು ಗುತ್ತಿಗೆ ಕೆಲಸ, ಒಂದು ಸಹಿಗೆ ಹಾರಿಹೋಗುವಂಥದ್ದು. ಅವರು ಕನ್ನಡಕದ ಮೇಲಿಂದ ನೋಡಿದರು. "ಸಾಫ್ಟ್‌ವೇರು ಬಂದು ಆ ಮಗೀನ ಊರು ಒತ್ತಿತಾ?" ಎಂದರು. ಪತ್ರದಲ್ಲಿದ್ದದ್ದು ಇಷ್ಟು: ಈ ಹುಡುಗಿಯ ಪತ್ರದಲ್ಲಿ ಊರಿನ ಹೆಸರು ತಪ್ಪಾಗಿದೆ. ತಪ್ಪು ಈ ಕಚೇರಿಯದು, ಅವಳದಲ್ಲ. ಅವಳು ವಾಸವಿರುವ ಜಾಗಕ್ಕೆ ನಾನೇ ಹೋಗಿ ನೋಡಿ, ಮಹಜರು ಮಾಡಿ ಲಗತ್ತಿಸುತ್ತೇನೆ. ಕೆಳಗೆ ಅವರದೊಂದೇ ಸಹಿ. ನನ್ನ ಹೆಸರು ಎಲ್ಲೂ ಇರಲಿಲ್ಲ.

"ನಾನೂ ಸಹಿ ಹಾಕ್ತೀನಿ ಮೇಡಮ್" ಎಂದೆ.

"ಕುರ್ಚಿ ಮೇಲೆ ಕುಂತಿರೋಳು ನಾನು. ನೀನು ನಡಿ, ಪೋಡಿಗೆ ಹೋಗ್ಬೇಕು."

ಮಾರನೇ ದಿನದಿಂದ ಮೂರು ದಿನ ಪುಣಜನೂರಿನ ಚೆಕ್‌ಪೋಸ್ಟ್ ದಾಟಿ ಪೋಡು ಪೋಡು ಸುತ್ತಿದೆವು. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ, ನೆಟ್‌ವರ್ಕ್ ಇರಲಿಲ್ಲ. ಮೇಡಮ್ ನೋಟ್‌ಬುಕ್ಕಿನಲ್ಲಿ ಗೀಟೆಳೆದುಕೊಂಡು ಕೂತರು. ಪೋಡಿನ ಯಜಮಾನನನ್ನು "ನಿಮ್ಮೂರಿನ ಹೆಸ್ರೇನಪ್ಪ?" ಎಂದು ಕೇಳಿದಾಗ ಅವನು ನಕ್ಕುಬಿಟ್ಟ. "ಇಷ್ಟ್ ದಿನುಕ್ಕೆ ಕೇಳುದ್ರಲ್ಲವ್ವ" ಎಂದ. ಆಮೇಲೆ ಒಂದೊಂದೇ ಗುಡಿಸಲಿನ ಹೆಸರು ಹೇಳುತ್ತ ಹೋದ, ಮೇಡಮ್ ಬರೆಯುತ್ತ ಹೋದರು. ಹೊತ್ತು ಇಳಿಯುತ್ತಿದ್ದಂತೆ, "ಎದ್ದೇಳಿ ಅಮ್ಮಾವ್ರೇ, ಆನೆ ಬರೋ ಹೊತ್ತು" ಎಂದು ಅವನೇ ಎಬ್ಬಿಸಿ ಕಳಿಸುತ್ತಿದ್ದ.

ಪತ್ರ, ಮಹಜರು, ಪೋಡಿನ ಫೋಟೋಗಳನ್ನು ಹಿಡಿದುಕೊಂಡು ನಾನೇ ಮೈಸೂರಿಗೆ ಹೋದೆ. ಇನ್ನು ಎರಡು ದಿನ ಉಳಿದಿತ್ತು. ಕಾಲೇಜಿನ ಗುಮಾಸ್ತರು ಪತ್ರವನ್ನು ಎರಡು ಸಲ ಓದಿ, ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. "ನೋಡ್ರೀ ಇಲ್ಲಿ, ತಪ್ಪು ಈ ಕಚೇರಿಯದು ಅಂತ ಬರೆದಿದ್ದಾರೆ! ಇಪ್ಪತ್ತು ವರ್ಷದಲ್ಲಿ ಇಂಥ ಕಾಗದ ಬಂದಿರಲಿಲ್ಲ ಕಣ್ರೀ." ಹುಡುಗಿಯ ಸೀಟು ಉಳಿಯಿತು. ಬಸ್ ಸ್ಟ್ಯಾಂಡಿನಿಂದ ಮೇಡಮ್‌ಗೆ ಫೋನ್ ಮಾಡಿದೆ. "ಸರಿ. ಇನ್ ಮುನ್ನೂರು ಜನ ಅವ್ರೆ" ಎಂದರು.

ಮೇಲಿನವರಿಂದ ಅವರಿಗೆ ಕಾರಣ ಕೇಳುವ ನೋಟಿಸು ಬಂತು. ಬರದೆ ಇರುತ್ತದೆಯೇ? ತಪ್ಪು ಒಪ್ಪಿಕೊಂಡವರನ್ನು ಹಿಡಿಯುವುದು ಸುಲಭ. ನಿವೃತ್ತಿಗೆ ಎರಡೇ ವರ್ಷವಿದ್ದ ಹೆಂಗಸು. ಅವರು ಒಂದೇ ಹಾಳೆಯ ಉತ್ತರ ಬರೆದು, ಅಡವಿಕಟ್ಟೆಯ ಹುಣಸೆ ಮರದ ಫೋಟೋ ಅಂಟಿಸಿದರು. 'ಸದರಿ ಗ್ರಾಮದಲ್ಲಿ ನಮ್ಮ ದಾಖಲೆಯಂತೆ ಮುನ್ನೂರಕ್ಕೂ ಹೆಚ್ಚು ಜನ ವಾಸವಾಗಿರುತ್ತಾರೆ' ಎಂದು ಫೋಟೋದ ಕೆಳಗೆ ಬರೆದಿದ್ದರು. ಮೇಲಿನವರು ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಆ ಫೋಟೋ ಮೇಜಿನಿಂದ ಮೇಜಿಗೆ ಹತ್ತಿ ಬೆಂಗಳೂರು ಮುಟ್ಟಿತು.

ಮೇಡಮ್‌ರ ಬೇಡಿಕೆ ದೊಡ್ಡದೇನಲ್ಲ. ಪಟ್ಟಿಯಲ್ಲಿ ಗ್ರಾಮದ ಕೆಳಗೆ ಪೋಡು, ಹಾಡಿ, ದೊಡ್ಡಿಗಳ ಹೆಸರು ಸೇರಿಸಬೇಕು. ಎಲ್ಲಕ್ಕಿಂತ ಕೊನೆಯಲ್ಲಿ ಒಂದು ಸಾಲು ಬೇಕು: 'ನಮ್ಮೂರು ಈ ಪಟ್ಟಿಯಲ್ಲಿಲ್ಲ'. ಅದನ್ನು ಒತ್ತಿದರೆ ಅರ್ಜಿ ನಿಲ್ಲಬಾರದು, ಮುಂದಕ್ಕೆ ಹೋಗಬೇಕು, ಅಧಿಕಾರಿ ಹೋಗಿ ನೋಡಿ ಬರಬೇಕು. ಸಾಫ್ಟ್‌ವೇರ್ ನೋಡಿಕೊಳ್ಳುವ ಎಂಜಿನಿಯರು ಫೋನಿನಲ್ಲಿ, "ಅದು ನಮ್ಮ ಸ್ಕೋಪ್‌ನಲ್ಲಿ ಬರಲ್ಲ ಮೇಡಮ್" ಎಂದರು.

"ಸ್ಕೋಪು ಗೀಪು ನಂಗೆ ತಿಳಿಯಾಕಿಲ್ಲ ಕಣಪ್ಪ" ಎಂದರು ಮೇಡಮ್. ಮಾತು ತವರಿಗೆ ಹೋಗಿತ್ತು. "ಒಂದಿನ ಬಂದು ನಮ್ ಬೆಂಚಲ್ಲಿ ಕುಂತ್ಕೊ. ಊಟ ನಮ್ಮನೇದು."

ಅವರು ಬರುತ್ತಾರೆಂದು ನಾನು ನಂಬಿರಲಿಲ್ಲ. ಬಂದರು! ಇಡೀ ದಿನ ಬೆಂಚಿನ ಮೇಲೆ, ಎಲೆ ಅಡಿಕೆ ಅಗಿಯುವ ಅಜ್ಜಿಯರ ನಡುವೆ ಕೂತಿದ್ದರು. ರಟ್ಟಿನ ಪರದೆಯನ್ನು ನೋಡಿ ಮೊದಲು ನಕ್ಕರು, ಸಂಜೆ ಹೋಗುವಾಗ ಅದರ ಫೋಟೋ ತೆಗೆದುಕೊಂಡರು. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಪಟ್ಟಿಯ ಕೊನೆಯಲ್ಲಿ ಆ ಸಾಲು ಬಂದು ಕೂತಿತ್ತು. ನಾನು ಕಿರುಚಿದ ಸದ್ದಿಗೆ ಮೇಡಮ್ ಎದ್ದು ಬಂದರು. ನೋಡಿದರು. ತುರುಬಿನ ಪೆನ್ಸಿಲ್ ತೆಗೆದು ಪರದೆಯ ಮೇಲೆ ಆ ಸಾಲನ್ನು ಒಂದೊಂದೇ ಅಕ್ಷರ ಮುಟ್ಟಿ ಓದಿದರು. ಅವತ್ತು ಎಲ್ಲರಿಗೂ ಉದ್ದಿನ ವಡೆ ತರಿಸಿದರು, ಅವರು ವಡೆ ತರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುನ್ನೂರು ಜನರ ಪತ್ರಗಳನ್ನು ಒಂದೊಂದಾಗಿ ಸರಿಮಾಡಿ ಪೋಡಿಗೇ ಕೊಂಡುಹೋಗಿ ಕೊಡುವುದು ಅವರ ನಿವೃತ್ತಿಯ ಹೊತ್ತಿಗೂ ಮುಗಿಯಲಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿಕೊಂಡೇ ಉಳಿದ ಹನ್ನೊಂದು ಹೆಸರಿನ ಚೀಟಿಯನ್ನು ನನ್ನ ಅಂಗಿ ಜೇಬಿಗೆ ತುರುಕಿದರು. ಆ ಹನ್ನೊಂದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಕೊನೆಯದು ಮುಗಿದ ದಿನ ಫೋನ್ ಮಾಡಿದೆ. "ಮೇಡಮ್, ಅಡವಿಕಟ್ಟೆ ಖಾಲಿ ಆಯ್ತು."

"ಎಲ್ರೂ ಅವರವ್ರ ಮನೆ ಸೇರ್ಕಂಡ್ರಾ?" ಎಂದರು. ಅವರ ದನಿ ಒದ್ದೆಯಾಗಿತ್ತು. ನನ್ನದೂ.

ಆ ಹುಡುಗಿ ಈಗ ಸರ್ಕಾರಿ ಆರೋಗ್ಯ ಕೇಂದ್ರವೊಂದರಲ್ಲಿ ನರ್ಸ್. ಮೇಡಮ್‌ರ ಮಣ್ಣಿಗೆ ಯೂನಿಫಾರಂನಲ್ಲೇ ಓಡಿಬಂದಿದ್ದಳು.

ನಾನು ಈಗ ಗುಂಡ್ಲುಪೇಟೆ ಕಡೆಯ ಒಂದು ನಾಡಕಚೇರಿಯಲ್ಲಿದ್ದೇನೆ. ಅರ್ಜಿಗಳು ಈಗ ಕಾಗದದ ಮೇಲಿಲ್ಲ, ಅಂಕಿ ಬರೆಯಲು ಮೂಲೆಯೇ ಇಲ್ಲ. ಆದರೂ ಟೋಕನ್ ಚೀಟಿಯ ಮೇಲೆ ಬರೆಯುತ್ತೇನೆ, ಚಟ ಹೋಗಿಲ್ಲ. ಮೊನ್ನೆ ಸೋಮವಾರ ಟೋಕನ್ ಹಿಡಿದು, ಸರದಿ ಬರುವ ತನಕ ಬೆಂಚಿನ ಮೇಲೆ ಕೂತು, ಮೇಡಮ್‌ರ ಯಜಮಾನರು ಕೌಂಟರಿಗೆ ಬಂದರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು, ತೆಳ್ಳಗಿನ ಮನುಷ್ಯ. ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಬೇಕಿತ್ತು. ಮರಣ ಪತ್ರದ ಸಂಖ್ಯೆ ಒತ್ತಿದೆ. ಪರದೆಯ ಮೇಲೆ ಮೇಡಮ್‌ರ ಹೆಸರು ಬಂತು. ನನಗೆ ಮುಂದೇನೂ ಕಾಣಲಿಲ್ಲ, ಕಣ್ಣು ಒರೆಸಿಕೊಂಡು ಮುಗಿಸಿದೆ.

"ಇನ್ಯಾವತ್ತು ಬರ್ಲಪ್ಪ?" ಎಂದರು.

"ಬರೋದು ಬೇಡ ಸಾರ್. ವಿಚಾರಣೆಗೆ ನಮ್ಮವ್ರೇ ಮನೆಗೆ ಬರ್ತಾರೆ. ಪತ್ರ ನಿಮ್ಮ ಮೊಬೈಲಿಗೆ ಬರುತ್ತೆ."

ಟೋಕನ್ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಎಂದು ಬರೆದೆ. ಅವರು ಅದನ್ನೇ ನೋಡುತ್ತ ನಿಂತರು.

"ಇದು ಎಲ್ಲಿಂದ ಶುರುವಾಯ್ತು ಗೊತ್ತಾ ನಿಂಗೆ?" ಎಂದರು. "ನನ್ ಬಸ್ಸಿಂದ. ಅವ್ಳು ನಿಮ್ ಕಡೆ ಬರೋಕ್ ಮುಂಚೆ, ಒಂದಿನ ಮನೇಲಿ ಊಟಕ್ ಕುಂತಾಗ ಅಂದೆ, ಅದ್ಯಾನ್ಲೇ ನಿಮ್ಮಾಫೀಸು, ಒಂದೇ ಅಜ್ಜಿ ಈ ವಾರ ನಾಕು ಟ್ರಿಪ್ಪು ಹತ್ತವ್ಳೆ, ಎಲ್ಗವ್ವಾ ಅಂದ್ರೆ ನಾಡಕಚೇರಿ ಅಂತಾಳೆ. ಅವತ್ ಅವ್ಳು ಊಟ ಬುಟ್ ಎದ್ಲು ಕಣಪ್ಪ. ಆ ಅಜ್ಜಿ ಆಮೇಲೆ ಬಸ್ಸಲ್ ಕಾಣ್ಲೇ ಇಲ್ಲ. ಕೆಲ್ಸ ಆಯ್ತೋ, ಬೇಜಾರಾಗಿ ಬುಟ್ಬುಟ್ಲೋ ಅಂತ ಸಾಯೋ ಗಂಟ ಕೇಳೋಳು."

ಅಷ್ಟು ವರ್ಷ ಜೊತೆಗಿದ್ದರೂ ಇದನ್ನು ಮೇಡಮ್ ಯಾರಿಗೂ ಹೇಳಿರಲಿಲ್ಲ.

ಯಜಮಾನರು ಚೀಟಿಯನ್ನು ಜೇಬಿಗಿಟ್ಟುಕೊಂಡು, ಸ್ವಲ್ಪ ಅನುಮಾನದಿಂದ ನನ್ನನ್ನು ನೋಡಿದರು. "ಅವ್ಳ ಹೆಸ್ರು ನೋಡಿ ನಂಗೆ ಮಾತ್ರ 'ಒಂದು' ಮಾಡ್ದಾ ಹೆಂಗೆ?"

"ಅಯ್ಯೋ, ಇಲ್ಲ ಸಾರ್. ಈಗ ಎಲ್ರಿಗೂ ಅಷ್ಟೇ."

ಅವರು ನಂಬಲಿಲ್ಲ. ಹಿಂದೆ ನಿಂತಿದ್ದ ಅಜ್ಜಿಯ ಕಡೆ ತಿರುಗಿದರು. ಹಳೇ ಕಂಡಕ್ಟರ್ ದನಿಯಲ್ಲಿ ಇಡೀ ಕೋಣೆಗೆ ಕೇಳುವಂತೆ ಕೇಳಿದರು: "ಅವ್ವಾ, ನೀನು ಎಷ್ಟ್ ಸಲ ಬಂದೆ?"

ಅಜ್ಜಿ ನನ್ನನ್ನೂ ಅವರನ್ನೂ ನೋಡಿ ಅಳುಕುತ್ತ ಎರಡು ಬೆರಳೆತ್ತಿದಳು. "ಎಲ್ಡ್ನೇದು ಕಣಪ್ಪ."

ಮೇಡಮ್ ಕನ್ನಡಕದ ಮೇಲಿಂದ ನೋಡುತ್ತಿದ್ದರಲ್ಲ, ಹಾಗೇ ಯಜಮಾನರು ನನ್ನನ್ನು ನೋಡಿದರು. ನಾನು ಎದ್ದು, ಕೌಂಟರಿನ ಈಚೆಗೆ ಬಂದು, ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತೆ. ಅವಳ ಟೋಕನ್ ತೆಗೆದುಕೊಂಡು ಎರಡು ಎಂದು ಬರೆದೆ.

"ಹೇಳವ್ವ," ಎಂದೆ, "ಮೊದಲ್ನೇ ಸಲ ನಿನ್ನ ಯಾಕೆ ವಾಪಸ್ ಕಳಿಸಿದ್ವಿ?"